ಇರುವೆಗೆ ಯಾವ ಜಾತಿ?

ಕನ್ನಡದಲ್ಲಿ ಇರುವೆ ಒಂಟಿಯಾಗಿ ಬರುವುದು ಕಡಿಮೆ. ಶಾಲೆಯ ಪಾಠದಲ್ಲಿ, ವೇದಿಕೆಯ ಭಾಷಣದಲ್ಲಿ ಅದು ಸಾಲಾಗಿಯೇ ಬಂದು, ಶಿಸ್ತು-ಒಗ್ಗಟ್ಟಿನ ನೀತಿ ಹೇಳಿ ಹೋಗುತ್ತದೆ. ಈ ರೂಪಕಕ್ಕೆ ಒಗ್ಗದ ಇರುವೆಯೊಂದು ನಮ್ಮ ಪಶ್ಚಿಮಘಟ್ಟದಲ್ಲೇ ಇದೆ. 1851ರಲ್ಲಿ ಟಿ. ಸಿ. ಜೆರ್ಡನ್ ವಿವರಿಸಿದ ಜಿಗಿಯುವ ಇರುವೆ ಅದು. ಶಾಸ್ತ್ರೀಯ ಹೆಸರು ಹಾರ್ಪೆಗ್ನಾಥಸ್ ಸಾಲ್ಟೇಟರ್. ಬೇಟೆಗೆ ಅದು ಒಂಟಿಯಾಗಿಯೇ ಹೊರಡುತ್ತದೆ. ದೊಡ್ಡ ಕಣ್ಣುಗಳಿಂದ ಹುಳುವನ್ನು ಗುರುತಿಸಿ, ಅದರ ಮೇಲೆ ನೆಗೆದು, ಉದ್ದನೆಯ ದವಡೆಗಳಲ್ಲಿ ಹಿಡಿಯುತ್ತದೆ.

ನನ್ನ ತಕರಾರು ಇರುವುದು ಗೂಡಿನೊಳಗಿನ ಒಂದು ಪದದ ಬಗ್ಗೆ. ರಾಣಿ, ಕೆಲಸಗಾರ ಎಂಬ ವಿಂಗಡಣೆಯನ್ನು ಇಂಗ್ಲಿಷಿನ ಕೀಟಶಾಸ್ತ್ರ ‘ಕಾಸ್ಟ್’ ಎನ್ನುತ್ತದೆ. ಪೋರ್ಚುಗೀಸರು ನಮ್ಮ ಸಮಾಜಕ್ಕೆ ಅಂಟಿಸಿದ ಪದದಿಂದಲೇ ಬಂದದ್ದು ಅದು. ಅದನ್ನು ‘ಜಾತಿ’ ಎಂದು ಕನ್ನಡಕ್ಕೆ ತಂದರೆ, ಊರು-ಕೇರಿಗಳ ಏರ್ಪಾಡು ಪ್ರಕೃತಿಯ ಮುದ್ರೆ ಒತ್ತಿಸಿಕೊಂಡು ಮನೆಗೆ ಮರಳಿದಂತಾಗುತ್ತದೆ.

ಆದರೆ ಈ ಇರುವೆ ಆ ಪದಕ್ಕೆ ಸಿಗುವುದಿಲ್ಲ. ರಾಣಿ ಸತ್ತರೆ ಕೆಲಸಗಾರ ಇರುವೆಗಳು ಕುಡಿಮೀಸೆಗಳಿಂದ ವಾರಗಟ್ಟಲೆ ಸೆಣಸುತ್ತವೆ. ಗೆದ್ದ ಕೆಲವು ಮೊಟ್ಟೆಯಿಡತೊಡಗುತ್ತವೆ. ಅವುಗಳ ಅಂಡಾಶಯ ಬೆಳೆಯುತ್ತದೆ, ಮಿದುಳು ಸುಮಾರು ಐದನೇ ಒಂದು ಭಾಗ ಕುಗ್ಗುತ್ತದೆ, ತಿಂಗಳುಗಳ ಆಯುಸ್ಸು ವರ್ಷಗಳಿಗೆ ಹಿಗ್ಗುತ್ತದೆ. ಅಂಥವನ್ನು ಬೇರ್ಪಡಿಸಿ ಇಟ್ಟರೆ ಅವು ಮತ್ತೆ ಕೆಲಸಗಾರರಾಗುತ್ತವೆ, ಮಿದುಳೂ ಮರಳಿ ಬೆಳೆಯುತ್ತದೆ ಎಂದು 2021ರ ಸಂಶೋಧನೆ ತೋರಿಸಿತು.

ಹಾಗೆಂದು ಇದನ್ನು ಸಮಾನತೆಯ ಪೋಸ್ಟರ್ ಮಾಡುವುದೂ ಅದೇ ಹಳೆಯ ಚಾಳಿ. ಮೊಟ್ಟೆಯಿಡಲು ಹವಣಿಸುವ ಕೆಲವನ್ನು ಜೊತೆಯ ಇರುವೆಗಳೇ ಹಿಡಿದು ತಡೆಯುತ್ತವೆ. ನಮ್ಮ ವ್ಯಾಜ್ಯದಲ್ಲಿ ಯಾರ ಪರವಾಗಿಯೂ ಸಾಕ್ಷಿ ಹೇಳುವ ಹಂಗು ಇರುವೆಗಿಲ್ಲ. ಅದನ್ನು ಸರಿಯಾದ ಮಾತಿನಲ್ಲಿ ಹೇಳುವ ಹೊಣೆ ಮಾತ್ರ ನಮ್ಮದು.

ಈ ಹೊಣೆಯನ್ನು ನಮ್ಮ ಬೆಳ್ಳಾವಿ ಬಲ್ಲದು. ಊರ ಹೆಸರನ್ನೇ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಮೇಷ್ಟರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದ ಅವರೇ ಮುಂದೆ ‘ಪಂಪಭಾರತ’ವನ್ನೂ ಸಂಪಾದಿಸಿದರು. ಹಳಗನ್ನಡದ ಪಾಠ ನಿರ್ಣಯಕ್ಕೆ ಬೇಕಾದ ಎಚ್ಚರವೇ ವಿಜ್ಞಾನದ ಪದಕ್ಕೂ ಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಪಾರಿಭಾಷಿಕ ಪದಗಳನ್ನು ವಿಜ್ಞಾನದವರ ಪಾಲಿಗೆ ಬಿಟ್ಟು ಸುಮ್ಮನಿರಬಾರದು.

ಈ ಇರುವೆಯ ಮಟ್ಟಿಗೆ ನಾನು ‘ಪಾಳಿ’ ಎಂದು ಬರೆಯುತ್ತೇನೆ. ಕಾರ್ಖಾನೆಗೆ ಹೋಗುವವರೆಲ್ಲ ಬಲ್ಲ ಮಾತು: ಪಾಳಿ ಬದಲಾಗುತ್ತದೆ, ಹುಟ್ಟಿನಿಂದ ಅಂಟಿಕೊಂಡು ಬರುವುದಿಲ್ಲ.