‘ಸಹನೆ’ ಎಂಬ ಪರಿಭಾಷೆಯ ಅರ್ಥವಿಚಾರ

ಪ್ರಾಣಿಶರೀರದ ರೋಗನಿರೋಧಕ ಶಕ್ತಿಯು ಪರಕೀಯವಾದುದನ್ನು ನಿಗ್ರಹಿಸಿ ಸ್ವಕೀಯವಾದುದನ್ನು ಬಾಧಿಸದೆ ಬಿಡುವುದಕ್ಕೆ ಕನ್ನಡದಲ್ಲಿ ‘ಸಹನೆ’, ‘ಸಹಿಷ್ಣುತೆ’ ಎಂಬ ಶಬ್ದಗಳನ್ನು ಬಳಸುವುದುಂಟು. ಇವು ಅರ್ಥಕ್ಕೆ ಎಷ್ಟರಮಟ್ಟಿಗೆ ಸಮರ್ಪಕವೆಂಬುದು ವಿಚಾರಣೀಯ.

ಈ ವಿಷಯವನ್ನು ಬೋಧಿಸುವವರಿಗೆ ಕಸಿಯ ದೃಷ್ಟಾಂತವು ಸುಲಭವಾಗಿ ಒದಗುತ್ತದೆ. ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಕಾಫಿತೋಟದ ನೆರಳುಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸುವರಷ್ಟೆ. ಬುಡ ಕೊಳೆಯುವ ರೋಗಕ್ಕೆ ಮಣಿಯದ ಬ್ರೆಜಿಲ್ ದೇಶದ ಹಿಪ್ಪಲಿಯ ಮೇಲೆ ಮೆಣಸನ್ನು ಕಸಿಕಟ್ಟುವ ಕ್ರಮವೂ ಮಲೆನಾಡಿನಲ್ಲಿದೆ. ಚರ್ಮವನ್ನು ಜೋಡಿಸುವುದಕ್ಕೂ ಕನ್ನಡದಲ್ಲಿ ‘ಕಸಿ’ಯೆಂದೇ ಹೆಸರು. ಆದರೆ ಶಬ್ದಸಾಮ್ಯದಿಂದ ಅರ್ಥಸಾಮ್ಯ ಸಿದ್ಧಿಸದು. ಗಿಡದಲ್ಲಿ ಸಮೀಪಜಾತಿಯ ಎರಡು ಕಾಂಡಗಳ ರಸನಾಳಗಳು ಕೂಡಿದರೆ ಕಸಿ ಕೂಡಿತು. ಅಲ್ಲಿ ಸ್ವಪರಗಳನ್ನರಿತು ಮೈಯೆಲ್ಲ ಸಂಚರಿಸುವ ರಕ್ಷಕಕಣಗಳಿಲ್ಲ.

ಇಲಿಗಳಲ್ಲಿ ಕಸಿ ಕೂಡುವುದಕ್ಕೆ ಕಾರಣವು ಒಂದೇ ಬಗೆಯದಲ್ಲ. 1953ರಲ್ಲಿ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡವಾರ್ ಎಂಬವರು ಗರ್ಭಸ್ಥವಾದ ಇಲಿಮರಿಗಳಿಗೆ ಬೇರೊಂದು ತಳಿಯ ಜೀವಕಣಗಳನ್ನು ಸೇರಿಸಿದರು. ಬೆಳೆದ ಮೇಲೆ ಅವು ಆ ತಳಿಯ ಚರ್ಮವನ್ನು ಸ್ವೀಕರಿಸಿದುವು. ಮೂರನೆಯ ತಳಿಯ ಚರ್ಮವನ್ನು ತಿರಸ್ಕರಿಸುವ ಶಕ್ತಿ ಮಾತ್ರ ಕುಂದಲಿಲ್ಲ. 1961ರಲ್ಲಿ ಮಿಲ್ಲರ್ ಎಂಬವರು, ಎದೆಯೆಲುಬಿನ ಹಿಂದಿರುವ ಥೈಮಸ್ ಗ್ರಂಥಿಯನ್ನು ಹುಟ್ಟಿದೊಡನೆ ತೆಗೆದ ಇಲಿಗಳು ಅನ್ಯರ ಚರ್ಮವನ್ನು ತಳ್ಳಲಾರವೆಂದು ತೋರಿಸಿದರು. ಎರಡೆಡೆಯೂ ಫಲ ಒಂದೇ. ಆದರೆ ಮೊದಲನೆಯದು ಸಹನೆ, ಎರಡನೆಯದು ಅಶಕ್ತಿ. ಬಲಹೀನನ ಮೌನವನ್ನು ಲೋಕವು ಕ್ಷಮೆಯೆನ್ನುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟರೆ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ತಟ್ಟುವುದು.

ಅವ್ಯಾಪ್ತಿಯ ಶಂಕೆಯೂ ಉಂಟು. ಸ್ವಶರೀರದ ಮೇಲೆಯೇ ಎರಗಬಲ್ಲ ಕಣಗಳಲ್ಲಿ ಬಹುಭಾಗವನ್ನು ಥೈಮಸ್ಸು ನಾಶಗೊಳಿಸುತ್ತದೆ. ಇದು ಶೋಧನವೇ ಹೊರತು ಸಹನೆಯಲ್ಲವೆನ್ನಬಹುದು. ಆದರೆ ಶೋಧನದಿಂದಲೇ ಕಾರ್ಯ ಮುಗಿಯದು. ಆ ಗ್ರಂಥಿಯನ್ನು ಹುಟ್ಟಿದ ಮೂರನೆಯ ದಿನ ತೆಗೆದರೆ ಕೆಲವು ಇಲಿಗಳಲ್ಲಿ ಶರೀರವು ತನ್ನ ಅಂಗಗಳನ್ನೇ ಬಾಧಿಸುವುದು. ಉಳಿದ ಆಕ್ರಮಕ ಕಣಗಳನ್ನು ತಡೆಯುವ ನಿಯಾಮಕ ಕಣಗಳನ್ನು ಸಕಾಗುಚಿಯವರು 1995ರಲ್ಲಿ ಗುರುತಿಸಿದರು. 2025ರ ನೊಬೆಲ್ ಪಾರಿತೋಷಕವು ಬ್ರಂಕೋ, ರಾಮ್ಸ್‌ಡೆಲ್ ಅವರೊಡನೆ ಇವರಿಗೆ ಸಂದಿತು.

ಇಲ್ಲಿ ‘ಸಹ್’ ಧಾತುವಿನ ಪ್ರಾಚೀನಾರ್ಥವು ಸ್ಮರಣೀಯ. ಧಾತುಪಾಠವು ಅದಕ್ಕೆ ಮರ್ಷಣವೆಂಬ ಅರ್ಥವನ್ನು ಹೇಳಿದರೂ ವೇದದಲ್ಲಿ ಅದು ಜಯಿಸು, ಅಡಗಿಸು ಎಂಬರ್ಥದಲ್ಲಿ ಬರುತ್ತದೆ, ‘ಸಹಸ್’ ಎಂದರೆ ಬಲ, ಅದರಿಂದಲೇ ‘ಸಾಹಸ’. ಬಲವಿದ್ದು ತಡೆಹಿಡಿಯುವುದೇ ಸಹನೆಯೆಂಬುದಕ್ಕೆ ನಿಯಾಮಕ ಕಣಗಳಿಗಿಂತ ಉತ್ತಮ ನಿದರ್ಶನ ದೊರೆಯದು. ಆದುದರಿಂದ ಶಬ್ದವು ಗ್ರಾಹ್ಯವೇ. ಆದರೆ ಉಪಾಧ್ಯಾಯರು ಗಿಡದ ಕಸಿಯನ್ನು ಆರಂಭದ ದೃಷ್ಟಾಂತವಾಗಿ ಮಾತ್ರ ಹೇಳಿ, ಸಹನೆಗೂ ಅಶಕ್ತಿಗೂ ಇರುವ ಭೇದವನ್ನು ಮೊದಲ ಪಾಠದಲ್ಲಿಯೇ ಸ್ಪಷ್ಟಪಡಿಸುವುದು ಯುಕ್ತ.