‘ಒಂದು ಜಾತಿಯ ಮರ’

ಈಚೆಗೆ ವಿದ್ಯಾರ್ಥಿಗಳೊಡನೆ ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗಿದ್ದೆ. ಗಣಪತಿಯ ದರ್ಶನ ಮುಗಿಸಿ, ಸೋಮೇಶ್ವರನ ಗುಡಿಯ ಬಳಿ ಬುತ್ತಿ ಬಿಚ್ಚಿದ್ದೆವು. ಪಾಠದಲ್ಲಿ ಬಂದಿದ್ದ ‘ಭಲ್ಲಾತಕ’ ಎಂದರೇನೆಂದು ಹುಡುಗನೊಬ್ಬ ಕೇಳಿದ. ನಿಘಂಟನ್ನು ನಂಬಿ ‘ಗೇರು’ ಎಂದೆ. ಮಂಗಳೂರಿನ ಕಡೆಯ ಹುಡುಗಿಯೊಬ್ಬಳು, “ಹಾಗಾದರೆ ಗೋಡಂಬಿಯೇ, ಸಾರ್?” ಎಂದಳು.

ಅಲ್ಲ. ಭಲ್ಲಾತಕವನ್ನು ಗೋಡಂಬಿಯೆಂದು ಕಚ್ಚಿದವನ ಬಾಯಿ ಬೊಕ್ಕೆಯೇಳುತ್ತದೆ.

ನಮ್ಮ ಕೋಶಕಾರರ ಮೇಲೆ ನನಗಿರುವ ದೂರು ಇದೇ. ಶಬ್ದಕ್ಕೆ ಶಬ್ದ ಕೊಡುತ್ತಾರೆ, ವಸ್ತುವನ್ನು ತೋರಿಸುವುದಿಲ್ಲ. ‘ಒಂದು ಜಾತಿಯ ಮರ’ ಎಂಬುದೇ ಕನ್ನಡದ ಅರ್ಥಕೋಶಗಳಲ್ಲಿ ಅತಿ ಹುಲುಸಾಗಿ ಬೆಳೆದಿರುವ ಮರ! ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೋಡಂಬಿಗೆ ಕರಾವಳಿಯವರು ಪರಿಚಯದ ಗೇರಿನ ಹೆಸರನ್ನೇ ಕೊಟ್ಟರು. ತಪ್ಪೇನೂ ಅಲ್ಲ, ಎರಡೂ ಒಂದೇ ಕುಟುಂಬದವು. ಇದೇ ಅದಲುಬದಲು ಯೂರೋಪಿನಲ್ಲಿಯೂ ನಡೆಯಿತು. ಅಲ್ಲಿನ ಹಳೆಯ ವೈದ್ಯರು ಭಲ್ಲಾತಕವನ್ನು ‘ಅನಕಾರ್ಡಿಯಂ’ ಎನ್ನುತ್ತಿದ್ದರು. 1753ರಲ್ಲಿ ಲಿನೇಯಸನು ಆ ಹೆಸರನ್ನು ಗೋಡಂಬಿಗೆ ಕೊಟ್ಟ. ಮುಂದೆ ಅವನ ಮಗ ಭಲ್ಲಾತಕದ ಕುಲಕ್ಕೆ ‘ಸೆಮಿಕಾರ್ಪಸ್’, ಅಂದರೆ ಗುರುತಿನ ಕಾಯಿ, ಎಂದು ಹೆಸರಿಟ್ಟ. ನಮ್ಮ ಅಗಸರು ಅದರ ರಸದಿಂದಲೇ ಬಟ್ಟೆಗೆ ಗುರುತು ಹಾಕುತ್ತಿದ್ದರಷ್ಟೆ. ಅಲ್ಲಿ ಗೊಂದಲ ಬಗೆಹರಿಯಿತು. ನಮ್ಮಲ್ಲಿ ಇನ್ನೂ ಉಂಟು.

ಇದು ಬರಿಯ ಪದಚರ್ಚೆಯೆನ್ನುವವರು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೆನೆಯಬೇಕು. ಅಲ್ಲಿನ ರಾಮಪತ್ರೆ ಜಡ್ಡಿಯ ಕೆಸರಿನಲ್ಲಿ ಬೆಳೆಯುವ ಇದೇ ಕುಲದ ಮರವೊಂದನ್ನು 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಹೊಸ ಪ್ರಭೇದವೆಂದು ವರ್ಣಿಸಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಕರೆದರು. ಅದು ಕಂಡುಬಂದಿರುವುದು ಕೆಲವೇ ಜಡ್ಡಿಗಳಲ್ಲಿ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದನ್ನು ಕಡಿದರೆ ಇನ್ನೊಂದು ಬಂಜೆ. ಜಡ್ಡಿಯ ನೀರನ್ನು ತೋಟಕ್ಕೆ ತಿರುಗಿಸಿದರೆ ಎರಡೂ ಇಲ್ಲ. ಇಂಥದನ್ನು ಕನ್ನಡದಲ್ಲಿ ‘ಅಪರೂಪದ ಗೇರು’ ಎಂದಷ್ಟೇ ಬರೆದರೆ, ಕರಾವಳಿಯ ಓದುಗ ಮೈಲುಗಟ್ಟಲೆ ಹಬ್ಬಿರುವ ಗೋಡಂಬಿ ತೋಪನ್ನು ತೋರಿಸಿ ನಗಲಾರನೆ? ಲ್ಯಾಟಿನ್ ಹೆಸರಿನಲ್ಲಿ ಕತ್ತಲೆಕಾನು ಉಳಿದಿದೆ. ಕನ್ನಡದ ಹೆಸರಿನಿಂದ ಅದನ್ನು ನಾವೇ ಬಿಟ್ಟುಬಿಟ್ಟೆವು.

ಬೇರೆ ರೀತಿ ಬರೆಯಲು ಬರುವುದಿಲ್ಲವೆಂದಲ್ಲ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976) ಕಣ್ಣೆದುರಿಗಿದೆ. (ಅವರ ತಂದೆ ಡಿವಿಜಿಯವರು ಹುಟ್ಟಿದ್ದು ಇದೇ ಮುಳಬಾಗಿಲಿನಲ್ಲಿ.) ಶಿಷ್ಯರೊಡನೆ ಕಾಡು ಸುತ್ತಿದ ಆ ಅಧ್ಯಾಪಕರು ಶಾಸ್ತ್ರದ ಹೆಸರನ್ನೂ ಜನರ ಹೆಸರನ್ನೂ ಕೊಟ್ಟು, ಚಿತ್ರವನ್ನು ತಾವೇ ಬರೆದರು, ನಗಿಸಿದರು ಕೂಡ. ಮುಂದಿನ ಕೋಶಕಾರರು ಅಷ್ಟು ಮಾಡಬೇಕಿಲ್ಲ. ‘ಗೇರು’ ಎಂಬುದರ ಕೆಳಗೆ ಮೂರು ಸಾಲು ಸಾಕು: ಕರಾವಳಿಯಲ್ಲಿ ಗೋಡಂಬಿ; ವೈದ್ಯದಲ್ಲಿ ಭಲ್ಲಾತಕ, ಕರಿಗೇರು; ಜಡ್ಡಿಯಲ್ಲಿ ಕತ್ತಲೆಕಾನಿನ ಗೇರು.