ಹೋಮರನಿಗೂ ಮುಂಚೆ ಕುದುರೆ

ಅಮೆರಿಕದ ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ಮಾತೆತ್ತಿದರೆ ಸಾಕು, ಸಿದ್ಧ ತೀರ್ಪೊಂದು ಬಂದು ಬೀಳುತ್ತದೆ: ಅವು ಮಹಾಗ್ರಂಥಗಳ ಕಾಲೇಜುಗಳು. ಹೊಗಳುವವರಿಗೆ ಪ್ಲೇಟೋನಿಂದ ದಾಂತೆಯವರೆಗಿನ ಆ ಪಟ್ಟಿಯೇ ನಾಗರಿಕತೆಯ ಉಳಿಗಾಲ. ಹಳಿಯುವವರಿಗೆ ಅದೇ ಪಟ್ಟಿ ಸತ್ತ ಬಿಳಿಯ ಗಂಡಸರ ಹಾಜರಿ ಪುಸ್ತಕ. ಇಬ್ಬರ ಕಣ್ಣೂ ಪಟ್ಟಿಯ ಮೇಲೆಯೇ. ಶಾಲೆಯೊಳಗೆ ಇಣುಕುವ ಉಸಾಬರಿ ಯಾರಿಗೂ ಬೇಡ.

ಅಸಲಿಗೆ ಆ ಪಟ್ಟಿ ಕ್ಯಾಥೊಲಿಕರದ್ದೇ ಅಲ್ಲ. 1920ರಲ್ಲಿ ಅದನ್ನು ತರಗತಿಗೆ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಅರ್ಸ್ಕಿನ್; ಬೆಳೆಸಿದವರು ಷಿಕಾಗೊ ವಿಶ್ವವಿದ್ಯಾಲಯದ ಹಚಿನ್ಸ್ ಮತ್ತು ಆಡ್ಲರ್. 1937ರಲ್ಲಿ ಇಡೀ ಪದವಿಯನ್ನೇ ಅದರ ಮೇಲೆ ಕಟ್ಟಿದ ಅನ್ನಾಪೊಲಿಸ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಹೆಸರು ಮಾತ್ರ ಸಂತನದು, ಚರ್ಚಿನ ಹಂಗಿಲ್ಲ. 1971ರಲ್ಲಿ ಶುರುವಾದ ಕ್ಯಾಲಿಫೋರ್ನಿಯದ ಥಾಮಸ್ ಅಕ್ವಿನಾಸ್ ಕಾಲೇಜು ಆ ಮಾದರಿಯನ್ನೇ ತೆಗೆದುಕೊಂಡು ಅದರ ನೆತ್ತಿಯ ಮೇಲೆ ಕ್ಯಾಥೊಲಿಕ್ ದಾರ್ಶನಿಕ ಅಕ್ವಿನಾಸನನ್ನು ಕೂರಿಸಿತು. ಅಲ್ಲಿ ಪಠ್ಯಪುಸ್ತಕವಿಲ್ಲ, ಐಚ್ಛಿಕ ವಿಷಯವಿಲ್ಲ. ವಿದ್ಯಾರ್ಥಿಯೇ ಬೋರ್ಡಿನ ಮುಂದೆ ನಿಂತು ಯೂಕ್ಲಿಡನ ಪ್ರಮೇಯ ಸಾಧಿಸಬೇಕು. ಮೆಚ್ಚತಕ್ಕದ್ದೇ. ಆದರೂ ನಾಲ್ಕು ವರ್ಷ ಮೇಜಿನ ಸುತ್ತ ಕೂತು ಮಾತಾಡುವ ಆ ಪದ್ಧತಿಯಲ್ಲಿ ಮೈಗೆ ಹೆಚ್ಚಿನ ಕೆಲಸವಿಲ್ಲ.

ಮೈಯನ್ನು ಮರೆಯದ ಮೇಷ್ಟ್ರು ಜಾನ್ ಸೀನಿಯರ್. 1970ರಲ್ಲಿ ಅವರು ಡೆನಿಸ್ ಕ್ವಿನ್ ಮತ್ತು ಫ್ರಾಂಕ್ ನೆಲಿಕ್ ಜೊತೆ ಕಾರ್ಯಕ್ರಮವೊಂದನ್ನು ಶುರುಮಾಡಿದರು. ಅದು ನಡೆದದ್ದು ಯಾವುದೋ ಮಠದಲ್ಲಲ್ಲ, ಸರ್ಕಾರಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ! ಮೂವರೂ ಎದುರಿಗೆ ಕೂತು ತಮ್ಮತಮ್ಮೊಳಗೆ ಮಾತಾಡುತ್ತಿದ್ದರು. ಹುಡುಗರು ನೋಟ್ಸ್ ಬರೆದುಕೊಳ್ಳುವಂತಿರಲಿಲ್ಲ, ಬರೀ ಕೇಳಬೇಕು. ಪದ್ಯಗಳನ್ನು ಕಿವಿಯಿಂದ ಕಲಿತು ಕಂಠಸ್ಥ ಮಾಡಬೇಕು. ರಾತ್ರಿ ಬಯಲಿಗೆ ಹೋಗಿ ಬರಿಗಣ್ಣಿನಲ್ಲಿ ನಕ್ಷತ್ರ ನೋಡಬೇಕು. ವಾಲ್ಟ್ಸ್ ಕುಣಿತ ಬೇರೆ.

ಸೀನಿಯರ್ ಅವರ ವಾದ ಸರಳ. ನೂರು ಮಹಾಗ್ರಂಥ ಓದುವ ಮೊದಲು ಸಾವಿರ ಒಳ್ಳೆಯ ಪುಸ್ತಕ ಓದಿರಬೇಕು: ಶಿಶುಪ್ರಾಸಗಳು, ಸ್ಟೀವನ್‌ಸನ್, ಡಿಕನ್ಸ್. ಮಣ್ಣು ಹದವಾಗದೆ ಪ್ಲೇಟೋನನ್ನು ಬಿತ್ತಿದರೆ ಬೆಳೆಯುವುದು ವಾಚಾಳಿತನ.

ಅವರು ಸಿಡುಕರು, ನಿಜ. ಟೆಲಿವಿಷನ್ ಒಡೆದುಹಾಕಿ ಎಂದು ಬರೆದವರು. ಆದರೆ ಆಧುನಿಕತೆಯ ಗಂಧವಿಲ್ಲದವರ ಗೊಣಗಾಟವೆಂದು ಅದನ್ನು ತಳ್ಳಿಹಾಕಲಾಗದು. 1959ರ ಅವರ ಮೊದಲ ಪುಸ್ತಕವೇ ಸಿಂಬಲಿಸ್ಟ್ ಕವಿಗಳ ಗೂಢವಿದ್ಯೆಯ ಕುರಿತದ್ದು. ಆ ಕತ್ತಲೆಯಲ್ಲಿ ತಿರುಗಾಡಿ ಬಂದ ಮನುಷ್ಯನಿಗೆ ಸ್ವಲ್ಪ ಸಿಟ್ಟಿನ ಹಕ್ಕಿದೆ.

ಕಾರ್ಯಕ್ರಮ 1979ರಲ್ಲಿ ಮುಗಿಯಿತು. ವಿದ್ಯಾರ್ಥಿಗಳು ಕ್ಯಾಥೊಲಿಕರಾಗುತ್ತಿದ್ದರೆಂಬ ಗದ್ದಲ ಅದಕ್ಕೂ ಮುಂಚೆಯೇ ಎದ್ದಿತ್ತು. ಕೆಲವರು ಫ್ರಾನ್ಸಿನ ಫಾಂಗಾಂಬೋ ಮಠ ಸೇರಿ, 1999ರಲ್ಲಿ ಓಕ್ಲಹೋಮಾದ ಕ್ಲಿಯರ್ ಕ್ರೀಕ್‌ನಲ್ಲಿ ಹೊಸ ಮಠ ಕಟ್ಟಲು ಮರಳಿದರು. ಸರ್ಕಾರಿ ಸಂಸ್ಥೆಗೆ ಇರುಸುಮುರುಸಾದದ್ದು ಸಹಜ. ಆದರೆ ಓದಿದ್ದು ಬದುಕಿಗೆ ತಟ್ಟಿತೆಂಬುದನ್ನೇ ದೂರನ್ನಾಗಿ ಮಾಡಿದ ವಿಶ್ವವಿದ್ಯಾಲಯಗಳು, ಸಾಹಿತ್ಯ ಓದಿಯೂ ಎಳ್ಳಷ್ಟೂ ಅಲುಗದ ಸಾವಿರಾರು ಪದವೀಧರರ ಬಗ್ಗೆ ಯಾವತ್ತಾದರೂ ವಿಚಾರಣೆ ನಡೆಸಿವೆಯೇ?

ಇಲ್ಲೇ ರುಚಿಯ ಪ್ರಶ್ನೆ ಏಳುತ್ತದೆ. ಉರು ಹೊಡೆಯುವುದಕ್ಕೂ ಕಂಠಸ್ಥ ಮಾಡುವುದಕ್ಕೂ ಇರುವ ಅಂತರವನ್ನು ಇಂದಿನ ಶಿಕ್ಷಣತಜ್ಞರು ಮರೆತಿದ್ದಾರೆ. ಮೊದಲನೆಯದು ಪರೀಕ್ಷೆಯ ಮರುದಿನ ಆವಿಯಾಗುತ್ತದೆ. ಎರಡನೆಯದು ಮುಪ್ಪಿನಲ್ಲೂ ನಾಲಿಗೆಯ ಮೇಲಿರುತ್ತದೆ. ವಿಮರ್ಶೆಯ ಪರಿಭಾಷೆ ಎಷ್ಟೇ ಕಲಿಸಿ, ಒಂದು ಪದ್ಯವೂ ಬಾಯಿಗೆ ಬಾರದವನಿಗೆ ಕಾವ್ಯರುಚಿ ಇದೆಯೆಂದು ನಂಬುವುದು ಕಷ್ಟ.

ಸೀನಿಯರ್ ನಂಬಿದ್ದನ್ನು ಬಹುತೇಕ ಅಕ್ಷರಶಃ ಪಾಲಿಸುತ್ತಿರುವುದು ವಯೋಮಿಂಗ್ ಕ್ಯಾಥೊಲಿಕ್ ಕಾಲೇಜು. 2007ರಲ್ಲಿ ತರಗತಿ ಆರಂಭಿಸಿದ, ಲ್ಯಾಂಡರ್ ಎಂಬ ಪುಟ್ಟ ಊರಿನ ಈ ಸಂಸ್ಥೆಯಲ್ಲಿರುವವರು ಇನ್ನೂರರ ಆಸುಪಾಸು ವಿದ್ಯಾರ್ಥಿಗಳು. ಅಲ್ಲಿ ಮೊಬೈಲ್‌ಗೆ ನಿರ್ಬಂಧ, ಲ್ಯಾಟಿನ್ ಬಾಯಲ್ಲೇ ಅಭ್ಯಾಸ, ಕುದುರೆ ಸವಾರಿ ಪಠ್ಯಕ್ರಮದ ಭಾಗ. ಮೊದಲ ವರ್ಷದವರು ಬೆನ್ನಿಗೆ ಚೀಲ ಹೇರಿಕೊಂಡು 21 ದಿನ ಬೆಟ್ಟಕಾಡುಗಳಲ್ಲಿ ನಡೆದು ಬರುತ್ತಾರೆ. ಹೋಮರ್ ಆಮೇಲೆ.